ಪಹಣಿಯಲ್ಲಿ ಹೆಸರು, ಹೊಲದಲ್ಲಿ ಬೆವರು

ಸಿಂಧನೂರಿನಿಂದ ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೊರಟ ಬಸ್ಸಿನ ಕಿಟಕಿಯಲ್ಲಿ ರಾಯಚೂರು ಜಿಲ್ಲೆಯ ಎರಡು ಮುಖಗಳು ಕಾಣುತ್ತವೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ. ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು. ಲಿಂಗಸುಗೂರಿನ ಕಡೆಗೆ ಸಾಗಿದಂತೆ ಮಳೆಯನ್ನೇ ನಂಬಿದ ತೊಗರಿ, ಸಜ್ಜೆಯ ಹೊಲಗಳು. ಮಳೆ ಕೈಕೊಟ್ಟ ವರ್ಷ ಇಲ್ಲಿನ ಅನೇಕ ಕುಟುಂಬಗಳಿಗೆ ಬೆಂಗಳೂರಿಗೆ ಗುಳೆ ಹೋಗದೆ ವಿಧಿಯಿಲ್ಲ.

ನಡುವೆ ಸಿಗುವ ಮಸ್ಕಿ ಶಾಲಾ ಪುಸ್ತಕದ ಮೂಲಕ ಮಕ್ಕಳಿಗೆಲ್ಲ ಪರಿಚಿತ. ಶಾಸನಗಳ 'ದೇವಾನಂಪ್ರಿಯ' ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ಇಲ್ಲಿ ದೊರೆತ ಬಂಡೆಗಲ್ಲಿನ ಶಾಸನದಿಂದ. ಅದರಲ್ಲಿ ಅರಸನ ಹೆಸರೇ ಇತ್ತು. ಕಲ್ಲಿನ ಮೇಲಿನ ಒಂದು ಹೆಸರು ಚರಿತ್ರೆಯ ಒಗಟನ್ನು ಬಿಡಿಸಿದ ಈ ನೆಲದಲ್ಲಿ, ಸರ್ಕಾರದ ಹಣ ಯಾರಿಗೆ ಎಂಬುದನ್ನು ಇಂದು ನಿರ್ಧರಿಸುವುದು ಪಹಣಿಯ ಮೇಲಿನ ಹೆಸರು.

2019ರಲ್ಲಿ ಆರಂಭವಾದ ಪಿಎಂ-ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ, ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲು 2 ಹೆಕ್ಟೇರ್ ಒಳಗಿನವರಿಗೆ ಮಾತ್ರ ಇದ್ದ ಇದನ್ನು ಅದೇ ವರ್ಷ ಎಲ್ಲ ಭೂಮಾಲೀಕ ರೈತರಿಗೂ ವಿಸ್ತರಿಸಲಾಯಿತು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರಲ್ಲಿ ಬಹುತೇಕರು ಇದರಿಂದ ಹೊರಗೆ. ರಾಜ್ಯ ಸರ್ಕಾರ ಸೇರಿಸುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತಿತು. ಒಂದು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಮೊತ್ತ ಒಂದೇ.

ಆದರೆ ಭೂಮಿಯೇ ಇಲ್ಲದೆ ಬೇಸಾಯ ಮಾಡುವವನ ಗತಿಯೇನು? ಸಿಂಧನೂರಿನ ಗದ್ದೆಗಳಲ್ಲಿ ಲೀಜಿಗೆ ಹಿಡಿದು ದುಡಿಯುವವರಿಗೆ ಕೊರತೆಯಿಲ್ಲ. ಬೀಜ, ಗೊಬ್ಬರ, ಕೂಲಿ, ಸಾಲ ಎಲ್ಲವೂ ಅವರ ತಲೆಯ ಮೇಲೆ. 1974ರ ಭೂಸುಧಾರಣಾ ತಿದ್ದುಪಡಿ ಲಕ್ಷಾಂತರ ಗೇಣಿದಾರರನ್ನು ಮಾಲೀಕರನ್ನಾಗಿಸಿತು. ಹಾಗೆಯೇ ಕೆಲವು ವಿನಾಯಿತಿಗಳ ಹೊರತು ಗೇಣಿಯನ್ನೇ ನಿಷೇಧಿಸಿತು. ಹೀಗಾಗಿ ಇಂದಿನ ಲೀಜು ಬಾಯಿಮಾತಿನದು. ಕಾಗದವಿಲ್ಲ; ಕಾಗದವಿಲ್ಲದವನು ಸರ್ಕಾರದ ಕಣ್ಣಿಗೆ ರೈತನಲ್ಲ.

2023ರ ಬರಗಾಲದ ಪರಿಹಾರವೂ ಇದೇ ದಾರಿಯಲ್ಲಿ ಹರಿಯಿತು. ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000 ರೂಪಾಯಿ. ಮಿತಿ 2 ಹೆಕ್ಟೇರ್. ಹಣ ತಲುಪಿದ್ದು 'ಫ್ರೂಟ್ಸ್' ತಂತ್ರಾಂಶದಲ್ಲಿ ಆಧಾರ್ ಮತ್ತು ಸರ್ವೆ ನಂಬರ್ ಜೋಡಣೆಯಾದ ರೈತರ ಖಾತೆಗೆ. ಬೆಳೆ ಕಳೆದುಕೊಂಡವನೊಬ್ಬ, ಪರಿಹಾರ ಪಡೆದವನೊಬ್ಬ ಎಂಬಂತಾಗುವುದು ಹೀಗೆ. ಗೊಬ್ಬರದ ಸಬ್ಸಿಡಿ ಮಾತ್ರ ಇದಕ್ಕೆ ಹೊರತು. ಅದು ಚೀಲದ ಬೆಲೆಯಲ್ಲೇ ಇಳಿದಿರುವುದರಿಂದ ಕೊಂಡವನಿಗೆಲ್ಲ ದಕ್ಕುತ್ತದೆ.

ನೆಲವಿದ್ದವರ ಮನೆಯಲ್ಲೂ ತೊಡಕು ತಪ್ಪಿದ್ದಲ್ಲ. ತಾತ ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಉಳಿದಿದ್ದರೆ ಮಕ್ಕಳಿಗೆ ಕಂತು ಬಾರದು. ಪೌತಿ ಖಾತೆ ಮಾಡಿಸಬೇಕು. ಹೊಲದಲ್ಲಿ ಕಳೆ ಕೀಳುವ, ನಾಟಿ ಹಾಕುವ ತಾಯಿಯ ಹೆಸರು ಪಹಣಿಯಲ್ಲಿ ಇರುವುದಂತೂ ಅಪರೂಪ.

ಸದ್ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರಿಗೂ ಸಿಗಬಲ್ಲದು ಎಂಬುದು ಮಸ್ಕಿಯ ಶಾಸನದ ಸಾರ. ಆ ಬಂಡೆಯನ್ನು ನೋಡಿ ಮನೆಗೆ ಮರಳಿದ ವಿದ್ಯಾರ್ಥಿ ಅಪ್ಪನ ಟ್ರಂಕಿನಿಂದ ಪಹಣಿ ತೆಗೆದು ಒಮ್ಮೆ ಓದಬೇಕು. ಅಲ್ಲಿ ಯಾರ ಹೆಸರಿದೆ, ಹೊಲದಲ್ಲಿ ದುಡಿಯುವವರು ಯಾರು ಎಂದು ಮನೆಯವರನ್ನು ಕೇಳಬೇಕು. ಅರ್ಥಶಾಸ್ತ್ರದ ಮೊದಲ ಪಾಠಕ್ಕೆ ಅಷ್ಟು ಸಾಕು.