ಹೆಗ್ಗಣ ಮುದ್ದು, ಡ್ರಿಲ್ ಇನ್ನೂ ಮುದ್ದು

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಮಕ್ಕಳಿಗಿಂತ ಹೆಚ್ಚಾಗಿ ನಾವು ದುಡ್ಡು ಕೊಟ್ಟು ತಂದ ಸಾಮಾನಿಗೆ ಒಪ್ಪುತ್ತದೆ. ಮಗ ಗಣಿತದಲ್ಲಿ ಫೇಲಾದರೆ ಅಪ್ಪ ನಾಲ್ಕು ಜನರ ಎದುರಿಗೇ ಬೈಯುವುದುಂಟು. ಆದರೆ ತಾನು ತಂದ ಡ್ರಿಲ್ ಗೋಡೆಯ ಮುಂದೆ ಕೆಮ್ಮುತ್ತ ನಿಂತರೆ ‘ಈ ಗೋಡೆಯೇ ಸರಿಯಿಲ್ಲ’ ಎನ್ನುತ್ತಾನೆಯೇ ಹೊರತು ಮೆಷಿನ್ನನ್ನು ಬಿಟ್ಟುಕೊಡುವುದಿಲ್ಲ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ಐದಾರು ಮನೆಯವರಿಗೆ ಇಂಥ ಹುಚ್ಚಿದೆ. ಒಂದು ಶೆಲ್ಫು ಹೊಡೆಯಲು, ಗೇಟಿನ ಕೊಂಡಿ ಸರಿಮಾಡಲು ಬಡಗಿಯನ್ನೋ ವೆಲ್ಡರನ್ನೋ ಕರೆದರೆ ‘ಇಷ್ಟು ಚಿಕ್ಕ ಕೆಲಸಕ್ಕೆ ಬರಬೇಕಾ ಸಾರ್’ ಎನ್ನುತ್ತಾರೆ. ಹಾಗಾಗಿ ಭಾನುವಾರ ಬಂತೆಂದರೆ ನಾವೇ ಬಡಗಿಗಳು. ಯಾರಾದರೂ ‘ಗ್ರೈಂಡರ್ ಬೇಕಿತ್ತು’ ಎಂದರೆ ಹೆಂಗಸರು ದೋಸೆ ಹಿಟ್ಟಿನ ಗ್ರೈಂಡರನ್ನೇ ತೋರಿಸುತ್ತಿದ್ದ ಕಾಲವೂ ಇತ್ತು. ಈಗ ‘ಹಿಟ್ಟಿನದೋ, ಕಬ್ಬಿಣದ್ದೋ’ ಎಂದು ಕೇಳುವಷ್ಟು ಅವರೂ ಪಳಗಿದ್ದಾರೆ.

ಎಲ್ಲರೂ ಎಲ್ಲವನ್ನೂ ಕೊಳ್ಳಲಾಗದು. ಒಬ್ಬರದನ್ನು ಇನ್ನೊಬ್ಬರು ಬಳಸುತ್ತೇವೆ. ಐ.ಟಿ.ಐ.ಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ಇಟ್ಟು, ಯಾವ ಸಲಕರಣೆ ಬಳಸಿದರೂ ಅದು ಹೇಗಿತ್ತೆಂದು ಬರೆಯಬೇಕು ಎಂದು ಕಟ್ಟಳೆ ಮಾಡಿದರು. ಮೊದಲ ತಿಂಗಳು ಎಲ್ಲರೂ ಬರೆದದ್ದು ‘ಚೆನ್ನಾಗಿದೆ’, ‘ಪರವಾಗಿಲ್ಲ’. ಮೇಷ್ಟ್ರು ಕನ್ನಡಕ ಏರಿಸಿ, ‘ಇದೇನು ಮದುವೆ ಊಟವೇನ್ರೀ, ಚೆನ್ನಾಗಿದೆ ಅನ್ನೋದಕ್ಕೆ? ಯಾವ ಗೋಡೆ, ಯಾವ ಬಿಟ್ಟು, ಎಷ್ಟು ತೂತು? ಅದನ್ನ ಬರೀರಿ’ ಎಂದರು.

ಅವರ ಮಾತಿನಲ್ಲಿ ಹುರುಳಿತ್ತು. ಇಟ್ಟಿಗೆ ಗೋಡೆಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುವ ಡ್ರಿಲ್ ಆರ್.ಸಿ.ಸಿ. ತೊಲೆಯ ಮುಂದೆ ಸೋಲಬಹುದು. ಕೆಲವೊಮ್ಮೆ ಮರದ ಬಿಟ್ಟನ್ನು ಗೋಡೆಗೆ ಹಾಕಿರುತ್ತಾರೆ, ಹ್ಯಾಮರ್ ಗುಂಡಿ ಒತ್ತಿರುವುದಿಲ್ಲ, ಅಥವಾ ಮೆಷಿನ್ ಉಲ್ಟಾ ತಿರುಗುತ್ತಿರುತ್ತದೆ. ತಪ್ಪು ಕೈಯದು, ಬೈಗುಳ ಮೆಷಿನ್ನಿಗೆ. ಇನ್ನು ಡಬ್ಬದ ಮೇಲಿನ ವ್ಯಾಟ್ ಲೆಕ್ಕ. ಅದು ಸಾಮಾನ್ಯವಾಗಿ ಮೆಷಿನ್ ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದನ್ನು ಹೇಳುತ್ತದೆ, ಎಷ್ಟು ಕೆಲಸ ಕೊಡುತ್ತದೆ ಎಂಬುದನ್ನಲ್ಲ. ಆರ್.ಪಿ.ಎಂ. ಎಂದು ಬರೆದಿರುವುದೂ ಬರಿದೇ ತಿರುಗುವಾಗಿನ ವೇಗ. ಆರು ತೂತು ಕೊರೆದ ಮೇಲೆ ಮೈ ಕಾಯುತ್ತದೆಯೇ, ಕಾರ್ಬನ್ ಬ್ರಷ್ ಸವೆದರೆ ಊರಲ್ಲಿ ಸಿಗುತ್ತದೆಯೇ ಎಂಬುದು ಡಬ್ಬದ ಮೇಲೆ ಇರುವುದಿಲ್ಲ. ಬಳಸಿದವನೇ ಹೇಳಬೇಕು.

ಹೇಳುವುದು ಸುಲಭವಲ್ಲ ಎಂಬುದು ಬ್ಯಾಂಕಿನ ಗೆಳೆಯರ ಗ್ರೈಂಡರ್‌ನಿಂದ ಗೊತ್ತಾಯಿತು. ನಾಲ್ಕು ಇಂಚಿನ ಬಿಲ್ಲೆಯದು. ಇಂಥವು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತವೆ. ಅರ್ಧ ಬೆಲೆಗೆ ಹೊಡೆದುಕೊಂಡು ಬಂದೆ ಎಂದು ಅವರು ಒಂದು ವರ್ಷ ಹೊಗಳಿದ್ದೇ ಹೊಗಳಿದ್ದು. ಸ್ವಿಚ್ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ‘ಎರಡು ಸಲ ತಟ್ಟಿದರೆ ಸರಿಹೋಗುತ್ತೆ’ ಎಂದು ಮನೆಯಲ್ಲಿ ಹೇಳುತ್ತಿದ್ದರು. ಪುಸ್ತಕದಲ್ಲಿ ಮಾತ್ರ ‘ಉತ್ತಮ’ ಎಂದಿತ್ತು.

ಅವರ ಮಗಳು ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದಳು. ಪ್ರಾಜೆಕ್ಟಿಗೆಂದು ಕಬ್ಬಿಣದ ಆಂಗಲ್ ಕತ್ತರಿಸುತ್ತಿದ್ದಾಗ ಕರೆಂಟು ಹೋಯಿತು. ಮೆಷಿನ್ನನ್ನು ನೆಲದ ಮೇಲಿಟ್ಟು, ಸ್ವಿಚ್ ಹಿಂದಕ್ಕೆ ಎಳೆದು ಒಳಗೆ ಹೋದಳು. ಸ್ವಿಚ್ ಹಿಂದೆ ಬಂದಂತೆ ಕಂಡರೂ ಒಳಗೆ ಸಿಕ್ಕಿಕೊಂಡಿತ್ತು. ಹತ್ತು ನಿಮಿಷದ ಮೇಲೆ ಕರೆಂಟು ಬಂದಾಗ ಗ್ರೈಂಡರ್ ತಾನಾಗಿಯೇ ಎದ್ದು ನೆಲದ ಮೇಲೆ ಗಿರಕಿ ಹೊಡೆದು ಪ್ಲಾಸ್ಟಿಕ್ ಕುರ್ಚಿಯ ಕಾಲನ್ನು ಸೀಳಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಆದರೆ ಮರುದಿನವೇ ಅದು ಎದುರು ಮನೆಗೆ ಹೋಗುವುದಿತ್ತು. ಅಲ್ಲಿ ಅಂಬೆಗಾಲಿಡುವ ಮಗುವಿದೆ.

ಹುಡುಗಿ ಅಂದು ಸಂಜೆಯೇ ಮೇಷ್ಟ್ರ ಮನೆಗೆ ಹೋಗಿ ನಡೆದದ್ದನ್ನು ನಡೆದಂತೆ ಬರೆದಳು. ಕೊನೆಗೆ ‘ಸ್ವಿಚ್ ಬದಲಾಯಿಸುವವರೆಗೆ ಯಾರೂ ಮುಟ್ಟಬಾರದು’ ಎಂದು ಸೇರಿಸಿದಳು. ತಾಯಿ, ‘ಅಪ್ಪನ ಮರ್ಯಾದೆ ಏನಾಗಬೇಕು? ಅವರ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು’ ಎಂದು ಗದರಿದರಂತೆ. ‘ಅಪ್ಪನಿಗೆ ಗೊತ್ತೇ ಇತ್ತಲ್ಲಮ್ಮ’ ಎಂದಳಂತೆ ಮಗಳು.

ಭಾನುವಾರ ನಾವೆಲ್ಲ ಸೇರಿದ್ದಾಗ ಗೆಳೆಯರು ಪುಸ್ತಕ ತೆರೆದು ಓದಿದರು. ಮುಖ ಕೆಂಪಾಯಿತು. ಯಾರೂ ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ ಪೆನ್ನು ಕೇಳಿ ಪಡೆದು, ಮಗಳ ಬರಹದ ಕೆಳಗೆ ‘ಸ್ವಿಚ್ ಸಿಕ್ಕಿಕೊಳ್ಳುವುದು ಆರು ತಿಂಗಳಿಂದ ನನಗೆ ಗೊತ್ತಿತ್ತು’ ಎಂದು ಬರೆದು ರುಜು ಹಾಕಿದರು. ಆಮೇಲೆ ಹೊಸ ಸ್ವಿಚ್ ಬಂತು. ಅದನ್ನೂ ತಾರೀಖಿನೊಂದಿಗೆ ಬರೆದಿದ್ದಾರೆ. ಕೆಲಸ ಮುಗಿದರೆ ಅಥವಾ ಕರೆಂಟು ಹೋದರೆ ಮೊದಲು ಪ್ಲಗ್ ಕೀಳಬೇಕು ಎಂಬ ಮಾತನ್ನು ಮೇಷ್ಟ್ರು ಪುಸ್ತಕದ ರಟ್ಟಿನ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದರು.

ಅಮೆರಿಕದಲ್ಲಿ 1936ರಲ್ಲಿ ಹುಟ್ಟಿದ ಕನ್ಸ್ಯೂಮರ್ಸ್ ಯೂನಿಯನ್ ಎಂಬ ಸಂಸ್ಥೆ ತನ್ನ ಪತ್ರಿಕೆಗೆ ಜಾಹೀರಾತು ತೆಗೆದುಕೊಳ್ಳದೆ, ವಸ್ತುಗಳನ್ನು ಎಲ್ಲರಂತೆ ಅಂಗಡಿಯಲ್ಲೇ ಕೊಂಡು ಪರೀಕ್ಷಿಸುವುದನ್ನು ನಿಯಮ ಮಾಡಿಕೊಂಡಿತು. ಮಾರುವವನ ಹಂಗಿಲ್ಲದಿದ್ದರೆ ನಿಜ ಹೇಳಬಹುದು ಎಂಬುದು ಅದರ ತರ್ಕ. ನಮ್ಮ ನೋಟ್‌ಬುಕ್ಕಿಗೆ ಮಾರುವವನ ಹಂಗೇನೂ ಇಲ್ಲ. ಇರುವುದು ಕೊಂಡವನ ಹಂಗು. ಅದನ್ನು ಕಳಚುವುದು ಹೆಚ್ಚು ಕಷ್ಟ.

ಲ್ಯಾಬ್ ರೆಕಾರ್ಡಿನಲ್ಲಿ ಬರಬೇಕಾದ ಉತ್ತರವನ್ನಲ್ಲ, ಕಂಡ ರೀಡಿಂಗನ್ನು ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಅದನ್ನು ನಂಬಿದ ಮಗಳೋ ಮಗನೋ ನಾಳೆ ನಿಮ್ಮ ಮೆಷಿನ್ನಿನ ಬಗ್ಗೆ ಹಾಗೆಯೇ ಬರೆದರೆ, ಅಪ್ಪಂದಿರೇ, ಸಿಟ್ಟಾಗುವ ಮೊದಲು ಒಮ್ಮೆ ಸ್ವಿಚ್ ನೋಡಿ.