ಕಚ್ಚಿಕೊಂಡ ನಟ್ಟು

ಮಠದ ಪಾಠಶಾಲೆಯಲ್ಲಿ ಓದಿದ ನನಗೂ ಲಾರಿಯ ಗಾಲಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಒಂದಕ್ಕೊಂದು ಅಂಟಿಕೊಂಡ ತಾಳೆಗರಿಗಳನ್ನು ಬಿಡಿಸಿ ಓದುವ ಕೆಲಸವನ್ನು ಹಲವು ವರ್ಷ ಮಾಡಿದವನು ನಾನು. ನಿಂಬೆಹುಲ್ಲಿನ ಎಣ್ಣೆ ಸವರಿ, ಗರಿ ಮೃದುವಾಗುವ ತನಕ ಕಾಯಬೇಕು. ಆತುರದಿಂದ ಎಳೆದರೆ ಅಕ್ಷರಸಮೇತ ಸೀಳಿಹೋಗುತ್ತದೆ. ತುಕ್ಕು ಹಿಡಿದ ನಟ್ಟಿನ ಸ್ವಭಾವವೂ ಇದಕ್ಕಿಂತ ಬಹಳ ಬೇರೆಯಲ್ಲವೆಂಬುದನ್ನು ಕಳೆದ ಬೇಸಿಗೆಯಲ್ಲಿ ಕಂಡೆ.

ನನ್ನ ಅಕ್ಕನ ಮನೆಯ ಹಿತ್ತಲಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯ ಬೆಡ್‌ಫರ್ಡ್ ಲಾರಿಯೊಂದು ಹದಿನೈದು ವರ್ಷಗಳಿಂದ ನಿಂತಿತ್ತು. ನಮ್ಮ ಭಾವನವರು ಅದನ್ನು ಓಡಿಸಿಯೇ ಮೂವರು ಮಕ್ಕಳನ್ನು ಓದಿಸಿದರು. ಅವರು ಲಿಂಗೈಕ್ಯರಾದ ಮೇಲೆ ಅದನ್ನು ಮುಟ್ಟಿದವರಿಲ್ಲ. ಹಿರಿಯ ಮಗ ಅದನ್ನು ಮತ್ತೆ ನಡೆಸಬೇಕೆಂದು ಹೊರಟ. ಗಾಲಿಯೇ ಬಿಚ್ಚದಿದ್ದರೆ ಗುಜರಿಯವನಿಗೆ ಕೊಟ್ಟುಬಿಡುವುದೆಂದು ಕಿರಿಯರಿಬ್ಬರ ನಿರ್ಧಾರ. ಅಕ್ಕ ಏನನ್ನೂ ಹೇಳಲಿಲ್ಲ. ಹಿತ್ತಲ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು.

ಮೊದಲು ಕರೆಸಿದ ಗ್ಯಾರೇಜಿನವರು ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ, ಇಬ್ಬರು ಅದರ ಮೇಲೆ ಭಾರ ಹಾಕಿ, ಎಡಗಡೆಯ ಹಿಂದಿನ ಗಾಲಿಯ ಒಂದು ಸ್ಟಡ್ಡನ್ನೇ ಮುರಿದು ಹೋದರು. ಆಮೇಲೆ ಬಂದವರು ಎಪ್ಪತ್ತು ದಾಟಿದ ಮಿಸ್ತ್ರಿ. ಅವರು ಪಾನಾ ಹಿಡಿಯುವ ಮೊದಲು ಚಿಂದಿಯಿಂದ ಸ್ಟಡ್ಡಿನ ತುದಿಯನ್ನು ಒರೆಸಿ ನೋಡಿದರು. ಅಲ್ಲಿ ‘ಎಲ್’ ಎಂಬ ಅಕ್ಷರ ಕಂಡಿತು.

“ಜೋರು ಮಾಡಬ್ಯಾಡ್ರಿ, ಗುರುಗಳ. ಇದು ಎಡಗಡಿ ಗಾಲಿ. ಬಲಕ್ಕ ತಿರುವಿದ್ರ ಬಿಚ್ಚತೈತಿ” ಎಂದರು.

ಗಾಲಿ ಉರುಳುವಾಗ ನಟ್ಟು ತಾನಾಗಿ ಸಡಿಲಬಾರದೆಂದು ಹಳೆಯ ಬ್ರಿಟಿಷ್ ಮಾದರಿಯ ಅನೇಕ ಲಾರಿಗಳಲ್ಲಿ ಎಡಬದಿಯ ಸ್ಟಡ್ಡುಗಳ ಥ್ರೆಡ್ಡನ್ನು ತಿರುವುಮುರುವಾಗಿ ಕೊರೆಯುತ್ತಿದ್ದರು. ಬಿಚ್ಚುತ್ತಿದ್ದೇವೆಂದು ತಿಳಿದವರು ಅದನ್ನು ಇನ್ನಷ್ಟು ಬಿಗಿದಿದ್ದರು!

ನಂತರ ಅಳತೆಯ ಪ್ರಶ್ನೆ. ಅಳಿಯನ ಪೆಟ್ಟಿಗೆಯಲ್ಲಿದ್ದ ಪಾನಾಗಳೆಲ್ಲ ಮಿಲಿಮೀಟರಿನವು. ಜರ್ಮನಿಯ ಕಂಪನಿಯೊಡನೆ 1954ರಲ್ಲಿ ಒಪ್ಪಂದವಾಗಿ ತಯಾರಾದ ಟಾಟಾ ಲಾರಿಗಳಿಗೆ ಅವು ಸರಿ. ಈ ಬೆಡ್‌ಫರ್ಡಿನ ನಟ್ಟುಗಳು ಇಂಚಿನವು. ಮುಕ್ಕಾಲು ಇಂಚಿನ ನಟ್ಟಿಗೆ 19 ಮಿ.ಮೀ. ಪಾನಾ ಹೆಚ್ಚುಕಡಿಮೆ ಕೂಡುತ್ತದೆ, ವ್ಯತ್ಯಾಸ 0.05 ಮಿ.ಮೀ. ಮಾತ್ರ. ಅರ್ಧ ಇಂಚಿನದಕ್ಕೆ 13 ಹಾಕಿದರೆ 0.3 ಮಿ.ಮೀ. ಸಡಿಲ, ಬಲ ಬಿದ್ದೊಡನೆ ಮೂಲೆಗಳು ಸವೆದು ನಟ್ಟು ದುಂಡಗಾಗುತ್ತದೆ. ಇನ್ನೂ ಹಳೆಯ ಬ್ರಿಟಿಷ್ ಯಂತ್ರಗಳ ವಿಟ್‌ವರ್ತ್ ಅಳತೆಯ ಕಥೆಯೇ ಬೇರೆ. ಅಲ್ಲಿ ಪಾನಾದ ಮೇಲಿನ ಅಂಕಿ ಅದರ ಬಾಯಿಯದಲ್ಲ, ಬೋಲ್ಟಿನ ದಪ್ಪದ್ದು. ಅರ್ಧ ಇಂಚೆಂದು ಬರೆದ ಪಾನಾದ ಬಾಯಿ 23 ಮಿ.ಮೀ. ಮೀರಿರುತ್ತದೆ. (ಲಿಪಿ ತಿಳಿಯದೆ ಗ್ರಂಥಕ್ಕೆ ಅರ್ಥ ಹೇಳುವವರನ್ನೂ ನಾನು ಕಂಡಿದ್ದೇನೆ.) ಹನ್ನೆರಡು ಮೂಲೆಯ ರಿಂಗಿಗಿಂತ ಆರು ಮೂಲೆಯ ಸಾಕೆಟ್ಟೇ ಲೇಸೆಂದರು ಮಿಸ್ತ್ರಿ, ಅದು ನಟ್ಟಿನ ಮೂಲೆಗಿಂತ ಮೈಯನ್ನು ಹೆಚ್ಚಾಗಿ ಹಿಡಿಯುತ್ತದೆ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ನಟ್ಟು ಕಚ್ಚಿಕೊಳ್ಳುವುದು ಅದರಿಂದಲೇ. ಮಿಸ್ತ್ರಿಯವರು ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ, ಸುತ್ತಿಗೆಯಿಂದ ಸಣ್ಣಗೆ ತಟ್ಟಿ ಮನೆಗೆ ಹೋದರು. ಮರುದಿನವೂ ಅಷ್ಟೇ. ಗ್ಯಾಸಿನ ಉರಿಯಲ್ಲಿ ಕಾಸಬಾರದೇಕೆ ಎಂದು ಅಳಿಯ ಕೇಳಿದಾಗ ಆ ಸೌಮ್ಯ ಮನುಷ್ಯ ಸಿಟ್ಟಾದರು. ಬೇರೆಡೆಯ ನಟ್ಟನ್ನು ಕಾಸಿ ಹಿಗ್ಗಿಸುವುದು ಸರಿಯಾದ ಉಪಾಯವೇ. ಆದರೆ ಟಯರು ಕೂಡಿಸಿದ ಗಾಲಿಗೆ ಬೆಂಕಿ ತಾಗಿಸಿದರೆ ಒಳಗಿನ ರಬ್ಬರು ಬೆಂದು ಹೊಮ್ಮುವ ಅನಿಲದಿಂದ ಟಯರು ಸಿಡಿಯಬಹುದು. ಉರಿ ತೆಗೆದು ಎಷ್ಟೋ ಹೊತ್ತಾದ ಮೇಲೂ ಸಿಡಿದು ಜೀವ ತೆಗೆದದ್ದುಂಟು. ಲಾರಿ ಇರುವ ಮನೆಗಳವರು ಇದೊಂದನ್ನು ಮರೆಯಬಾರದು.

ಮೂರನೆಯ ದಿನ ಇಂಚಿನ ಸಾಕೆಟ್ಟು ತೊಡಿಸಿ ಬಲಕ್ಕೆ ತುಸು, ಎಡಕ್ಕೆ ತುಸು ಆಡಿಸಿದಾಗ ಕಿರ್ರೆಂದು ಸದ್ದಾಗಿ ಮೊದಲ ನಟ್ಟು ಜರುಗಿತು. ಮಧ್ಯಾಹ್ನದ ಹೊತ್ತಿಗೆ ಗಾಲಿ ನೆಲದ ಮೇಲಿತ್ತು. ಡ್ರಮ್ಮಿನೊಳಗಿನ ಧೂಳನ್ನು ಊದಲು ಬಗ್ಗಿದ ಅಳಿಯನನ್ನು ಮಿಸ್ತ್ರಿ ತಡೆದು ಒದ್ದೆ ಬಟ್ಟೆ ಕೊಟ್ಟರು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರುತ್ತದೆ.

ಮುರಿದ ಸ್ಟಡ್ಡಿಗೆ ಬದಲಿ ಇನ್ನೂ ದೊರೆತಿಲ್ಲ. ಎಡ ಥ್ರೆಡ್ಡಿನದೇ ಬೇಕು. ಅಳಿಯ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದಾನೆ; ತಮ್ಮಂದಿರಲ್ಲೊಬ್ಬ ಈಗ ಅವನ ಜೊತೆಗೆ ಹೋಗುತ್ತಾನೆ.