ಆಯ್ದಕ್ಕಿಯ ಅಳತೆ, ರೈಲಿನ ಚೀಟಿ



ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಶರಣಬಂಧುಗಳು ವಿರಳ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಇವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ನಾಳೆಗೆಂದು ಕೂಡಿಡುವ ಆಸೆ ಶರಣರ ಮನೆಗೆ ಸಲ್ಲದೆಂಬುದು ಅವರ ವಚನಗಳ ಭಾವ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅತಿಯಾಸೆಯ ಖಂಡನೆಯೆಂದು ವಿವರಿಸುವುದುಂಟು. ಅದು ಸರಿಯೇ. ಆದರೆ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಅಕ್ಕಿ ಕದ್ದದ್ದಲ್ಲ, ಅಂಗಳದಲ್ಲಿ ಬಿದ್ದದ್ದು. ಎಷ್ಟು ಆಯ್ದರೆಂದು ಮಹಾಮನೆಯ ಬಾಗಿಲಲ್ಲಿ ನಿಂತು ಎಣಿಸುವವರು ಯಾರೂ ಇರಲಿಲ್ಲ. ಅಳೆದವರು ಲಕ್ಕಮ್ಮನವರೊಬ್ಬರೇ. ಕಾವಲಿಲ್ಲದ ಅಂಗಳದಲ್ಲಿ ನಡೆದುದರಿಂದಲೇ ಆ ಅಳತೆಗೆ ಬೆಲೆ ಬಂದಿತು.

ಶ್ರೀಮಠದ ಭಕ್ತರಲ್ಲಿ ಒಬ್ಬರು ಸರ್ಕಾರಿ ಬಸ್ಸಿನಲ್ಲಿ ಮೂರು ದಶಕಗಳ ಕಾಲ ನಿರ್ವಾಹಕರಾಗಿ ದುಡಿದು ನಿವೃತ್ತರಾದವರು. ಬೆಳಗಾವಿ ಸೀಮೆಯ ಹಳ್ಳಿಯ ದಾರಿಗಳಲ್ಲಿ ಟಿಕೆಟ್ ಹರಿದು ಕೊಟ್ಟ ಕೈ ಅವರದು. ನಮ್ಮ ಕಡೆ ಚಿಲ್ಲರೆ ಇಲ್ಲದಾಗ ನಿರ್ವಾಹಕರು ಬಾಕಿ ಹಣವನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ; ಇಳಿಯುವ ಗಡಿಬಿಡಿಯಲ್ಲಿ ಪ್ರಯಾಣಿಕರು ಅದನ್ನು ಮರೆತು ಹೋಗುವುದು ನಿತ್ಯದ ಮಾತು. ಸೇವೆಗೆ ಸೇರಿದ ಹೊಸದರಲ್ಲಿ ಹಾಗೆ ಉಳಿದ ಹಣವನ್ನು ಇವರು ಮನೆಗೆ ತಂದಿದ್ದರಂತೆ. ಶ್ರಾವಣದ ಪ್ರವಚನದಲ್ಲಿ ಲಕ್ಕಮ್ಮನವರ ಕಥೆಯನ್ನು ಕೇಳಿ ಬಂದಿದ್ದ ಅವರ ಶ್ರೀಮತಿಯವರು ಆ ಹಣವನ್ನು ಮುಟ್ಟದೆ ಮರುದಿನ ಬುತ್ತಿಯ ಚೀಲದಲ್ಲಿಯೇ ಇಟ್ಟು ಕಳುಹಿಸಿದರು. ಅಂದಿನಿಂದ ವೇ ಬಿಲ್ಲಿನ ಲೆಕ್ಕಕ್ಕಿಂತ ಹೆಚ್ಚಾದ ಪ್ರತಿ ಪೈಸೆಯೂ ಡಿಪೋದಲ್ಲಿ ಜಮೆಯಾಯಿತು. ಅದನ್ನು ಅವರು ಹೆಗ್ಗಳಿಕೆಯಾಗಿ ಹೇಳಿಕೊಳ್ಳುವುದಿಲ್ಲ. ಲೆಕ್ಕಕ್ಕಿಂತ ಹೆಚ್ಚು ಹಣ ಚೀಲದಲ್ಲಿ ಸಿಕ್ಕರೂ ತನಿಖೆಯವರು ಬಿಡುತ್ತಿರಲಿಲ್ಲ ಎಂದು ನಗುತ್ತಾರೆ.

ಇಂಥವರು 2019ರ ಬೇಸಿಗೆಯಲ್ಲಿ ಲಂಡನ್ನಿನ ನೈಋತ್ಯ ಹೊರವಲಯದಲ್ಲಿರುವ ಮಗನ ಮನೆಗೆ ಹೋದರು. ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ದರ್ಶನವೇ ಅವರ ಮುಖ್ಯ ಬಯಕೆಯಾಗಿತ್ತು. ಅಲ್ಲಿಗೆ ಸಮೀಪದ ರೈಲು ನಿಲ್ದಾಣ ವಾಕ್ಸ್‌ಹಾಲ್. ಮಗನು ತಂದೆಯ ಕೈಗೆ ಆಯ್‌ಸ್ಟರ್ ಎಂಬ ನೀಲಿ ಕಾರ್ಡೊಂದನ್ನು ಕೊಟ್ಟು, ಹತ್ತುವಾಗ ಒಮ್ಮೆ, ಇಳಿದಾಗ ಒಮ್ಮೆ ಹಳದಿ ವೃತ್ತಕ್ಕೆ ತಾಗಿಸಬೇಕೆಂದು ಹೇಳಿದನು. ಟಿಕೆಟ್ ಕೊಡುವವನೂ ಇಲ್ಲ, ಕೇಳುವವನೂ ಇಲ್ಲ. ನಿರ್ವಾಹಕರಾಗಿದ್ದವರಿಗೆ ಇದು ಸೋಜಿಗವೆನಿಸಿದ್ದು ಸಹಜ. ಪ್ರತಿಮೆಯ ದರ್ಶನ ಮುಗಿದ ಮೇಲೂ ಅವರು ಮಗನನ್ನು ಈ ಕಾರ್ಡಿನ ವಿಷಯವಾಗಿಯೇ ಕೇಳುತ್ತಿದ್ದರು.

ಈ ಕಾರ್ಡು ಲಂಡನ್ನಿನಲ್ಲಿ 2003ರಲ್ಲಿ ಬಳಕೆಗೆ ಬಂದಿತು. ಸುರಂಗ ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಅದು ಬೇಗ ನೆಲೆಯೂರಿತು. ಆದರೆ ಲಂಡನ್ನಿನ ದಕ್ಷಿಣ ಭಾಗದಲ್ಲಿ ಸುರಂಗ ರೈಲು ವಿರಳ. ಅಲ್ಲಿಯ ದುಡಿಯುವ ಜನ ಅವಲಂಬಿಸಿರುವುದು ಉಪನಗರ ರೈಲುಗಳನ್ನು. ಅವುಗಳನ್ನು 1990ರ ದಶಕದಲ್ಲಿ ಬೇರೆ ಬೇರೆ ಖಾಸಗಿ ಕಂಪನಿಗಳಿಗೆ ವಹಿಸಿದ್ದರಿಂದ, ಬಂದ ಹಣವನ್ನು ಹಂಚಿಕೊಳ್ಳುವುದು ಹೇಗೆ, ನೂರಾರು ನಿಲ್ದಾಣಗಳಲ್ಲಿ ಯಂತ್ರಗಳನ್ನು ನಿಲ್ಲಿಸುವ ಖರ್ಚು ಯಾರದು ಎಂಬ ಮಾತುಕತೆ ಎಳೆದಾಡಿತು. ಕಾರ್ಡಿನಲ್ಲಿ ಹಣ ತುಂಬಿಸಿಕೊಂಡು, ಹೋದಷ್ಟಕ್ಕೆ ಮಾತ್ರ ಕೊಡುವ ಪದ್ಧತಿ ಉಪನಗರದ ರೈಲುಗಳಿಗೆಲ್ಲ ವಿಸ್ತರಿಸಿದ್ದು 2010ರ ಜನವರಿ 2ರಂದು. ಅಲ್ಲಿಯವರೆಗೆ, ಕೆಲವು ಮಾರ್ಗಗಳನ್ನು ಬಿಟ್ಟರೆ, ಬಸ್ಸಿಗೆ ನಡೆಯುವ ಕಾರ್ಡು ರೈಲಿಗೆ ನಡೆಯುತ್ತಿರಲಿಲ್ಲ.

ಈ ವಿಸ್ತರಣೆಯಲ್ಲಿ ಒಂದು ತೊಡಕು ಇತ್ತು. ಪಟ್ಟಣದ ನಡುವಿನ ನಿಲ್ದಾಣಗಳಲ್ಲಿ ಕಾರ್ಡು ತಾಗಿಸದೆ ಗೇಟು ತೆರೆಯದು. ಹೊರವಲಯದ ಎಷ್ಟೋ ಸಣ್ಣ ನಿಲ್ದಾಣಗಳಲ್ಲಿ ಗೇಟುಗಳೇ ಇಲ್ಲ. ಪ್ಲಾಟ್‌ಫಾರ್ಮಿನ ಬದಿಗೆ ಒಂದು ಕಂಬ, ಅದರ ತಲೆಯ ಮೇಲೆ ಹಳದಿ ವೃತ್ತ, ಇಷ್ಟೇ. ತಾಗಿಸಿದರೆ ಉಂಟು, ತಾಗಿಸದಿದ್ದರೆ ಇಲ್ಲ. ಮಾರಯ್ಯನವರು ಅಕ್ಕಿ ಆಯ್ದ ಅಂಗಳದಂತೆ ಅದೂ ಕಾವಲಿಲ್ಲದ ಎಡೆ. ಆರಂಭದಲ್ಲಿ ಕಂಪನಿಗಳು ಈ ಕಂಬವನ್ನು ನಂಬಲಿಲ್ಲ. ಕೆಲವೇ ವಲಯಗಳ ವಾರದ ಅಥವಾ ತಿಂಗಳ ಪಾಸು ಇದ್ದವರು ಆ ವಲಯವನ್ನು ದಾಟಿ ಹೋಗಬೇಕಾದರೆ, ಮುಂಚಿತವಾಗಿಯೇ ಎಕ್ಸ್‌ಟೆನ್ಷನ್ ಪರ್ಮಿಟ್ ಎಂಬ ಪರವಾನಗಿಯನ್ನು ಕಾರ್ಡಿಗೆ ಹಾಕಿಸಿಕೊಳ್ಳಬೇಕಿತ್ತು. ಗೇಟಿಲ್ಲದ ಕಡೆ ಇಳಿದು ತಾಗಿಸದೆ ಹೋಗಿಬಿಟ್ಟಾರು ಎಂಬ ಅನುಮಾನವೇ ಅದಕ್ಕೆ ಕಾರಣ. ಜನರಿಗೆ ಅದು ಅರ್ಥವೂ ಆಗಲಿಲ್ಲ, ಒಗ್ಗಲೂ ಇಲ್ಲ. 2013ರಲ್ಲಿ ಅದನ್ನು ಕೈಬಿಟ್ಟರು. ಪ್ರಯಾಣಿಕರನ್ನು ಕಳ್ಳರೆಂದು ಎಣಿಸಿ ಕಟ್ಟಿದ ನಿಯಮ ಮೂರು ವರ್ಷಗಳಲ್ಲಿಯೇ ಬಿದ್ದುಹೋದುದು ಗಮನಿಸತಕ್ಕ ಸಂಗತಿ.

ಬಸವ ಜಯಂತಿಯ ನಂತರದ ಭಾನುವಾರ ಇನ್ನೊಂದು ಉಪನಗರದ ಭಕ್ತರ ಮನೆಯಲ್ಲಿ ವಚನ ಪಠಣವಿತ್ತು. ನಮ್ಮ ನಿವೃತ್ತರು ಒಬ್ಬರೇ ರೈಲಿನಲ್ಲಿ ಹೊರಟರು. ಹತ್ತಿದ ನಿಲ್ದಾಣದಲ್ಲಿಯೂ ಗೇಟಿರಲಿಲ್ಲ, ಇಳಿದ ನಿಲ್ದಾಣದಲ್ಲಿಯೂ ಇರಲಿಲ್ಲ. ಲಿಂಗಪೂಜೆ ಮುಗಿದು ಪ್ರಸಾದಕ್ಕೆ ಕುಳಿತಾಗ ಕೋಟಿನ ಜೇಬಿಗೆ ಕೈ ಹೋಯಿತು. ಕಾರ್ಡನ್ನು ಎರಡೂ ಕಡೆ ತಾಗಿಸಿರಲೇ ಇಲ್ಲವೆಂಬುದು ಆಗ ನೆನಪಾಯಿತು. ಒಂದು ಕಡೆ ತಾಗಿಸಿ ಇನ್ನೊಂದು ಕಡೆ ಮರೆತಿದ್ದರೆ ಯಂತ್ರವೇ ಅತ್ಯಧಿಕ ದರವನ್ನು ಹಿಡಿದುಕೊಳ್ಳುತ್ತಿತ್ತು. ಎರಡೂ ಮರೆತದ್ದರಿಂದ ಲೆಕ್ಕದಲ್ಲಿ ಆ ಪ್ರಯಾಣವೇ ನಡೆದಿರಲಿಲ್ಲ. ನೆರೆದವರು ಸಮಾಧಾನ ಹೇಳಿದರು, ಯಾರೋ ಒಬ್ಬರು ನಕ್ಕರು. ಅವರು ಪ್ರಸಾದವನ್ನು ಮುಗಿಸಿದರು. ಆದರೆ ಅಂದು ಸಂಜೆ ಅವರ ಬಾಯಿಂದ ಹೆಚ್ಚು ಮಾತು ಬರಲಿಲ್ಲ.

ಮರುದಿನ ಬೆಳಿಗ್ಗೆ ಅವರು ನಿಲ್ದಾಣದ ಟಿಕೆಟ್ ಕಿಟಕಿಯ ಮುಂದೆ ನಿಂತು, ನಿನ್ನೆ ಹೋದ ಊರಿಗೆ ಒಂದು ಟಿಕೆಟ್ ಬೇಕೆಂದರು. ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ವಿಷಯವನ್ನು ತಿಳಿಸಿದರು. ಕಿಟಕಿಯ ಒಳಗಿದ್ದವರಿಗೆ ಮೊದಲು ಅರ್ಥವಾಗಲಿಲ್ಲ; ಅರ್ಥವಾದ ಮೇಲೆ, ಬೇಡ ಬಿಡಿ ಎಂದರು. ಇವರು ಬಿಡಲಿಲ್ಲ. ಕೊನೆಗೆ ಟಿಕೆಟ್ ಬಂದಿತು. ಮನೆಗೆ ತಂದು ಅದನ್ನು ನಡುವೆ ಹರಿದು ಮೇಜಿನ ಮೇಲೆ ಇಟ್ಟರು. ಸಂಜೆ ಮಗನು ಕಂಡು, “ಅಪ್ಪಾ, ನಿನ್ನಿ ಟಿಕೆಟ್ ಇವತ್ತ ಯಾಕ ತಗೊಂಡ್ರಿ?” ಎಂದು ಕೇಳಿದನು. “ನಿನ್ನಿ ಗಾಡ್ಯಾಗ ಕುಂತಿದ್ನಲ್ಲಪಾ” ಎಂಬುದಷ್ಟೇ ಅವರ ಉತ್ತರ.

ಆದರೆ ಅವರಿಗೆ ಒಂದು ಸಂಗತಿ ಚುಚ್ಚಿತ್ತು. ಕಾಗದದ ಟಿಕೆಟ್ಟಿಗೆ ಕೊಟ್ಟ ಹಣ ಕಾರ್ಡಿನಿಂದ ಹೋಗುತ್ತಿದ್ದ ಹಣಕ್ಕಿಂತ ಸಾಕಷ್ಟು ಹೆಚ್ಚಾಗಿತ್ತು. ಅದನ್ನು ದಂಡವೆಂದು ಅವರು ಸಂತೋಷದಿಂದಲೇ ಒಪ್ಪಿದರು. ಆದರೆ ಕಾರ್ಡೇ ಇಲ್ಲದವನು ತಪ್ಪು ಮಾಡದೆಯೂ ನಿತ್ಯ ಈ ದಂಡ ತೆರಬೇಕಲ್ಲ ಎಂದು ಮಗನನ್ನು ಕೇಳಿದರು.

ಈ ಪ್ರಶ್ನೆಯಲ್ಲಿ ಲಕ್ಕಮ್ಮನವರ ಅಳತೆ ಇನ್ನೊಂದು ಬದಿಗೆ ತಿರುಗುತ್ತದೆ. ಆಯುವವನಿಗೆ ಮಿತಿ ಇರುವಂತೆ, ತೆಗೆದುಕೊಳ್ಳುವ ಸಂಸ್ಥೆಗೂ ಮಿತಿ ಇರಬೇಡವೇ? ನ್ಯಾಯವಾಗಿ ಹೇಳಬೇಕೆಂದರೆ ಅಲ್ಲಿ ಅಂಥ ಮಿತಿಯೊಂದು ಇದೆ. 2005ರಿಂದ ಈ ಕಾರ್ಡಿಗೆ ದಿನದ ಗರಿಷ್ಠ ಮೊತ್ತ ನಿಗದಿಯಾಗಿದೆ. ಎಷ್ಟು ಸಲ ಹತ್ತಿ ಇಳಿದರೂ ಆ ಮೊತ್ತ ತಲುಪಿದ ಮೇಲೆ ಅಂದು ಯಂತ್ರ ಮತ್ತೆ ಹಣ ಹಿಡಿಯುವುದಿಲ್ಲ. ದಿನದ ಅಗತ್ಯ ಮುಗಿದ ಮೇಲೆ ಮಡಿಲನ್ನು ಮುಚ್ಚಿಕೊಳ್ಳುವ ಈ ಏರ್ಪಾಟು ಶರಣರು ಮೆಚ್ಚಬಹುದಾದದ್ದು. ಉಳಿದ ಹಣದ ಮಾತು ಬೇರೆ. ಬಂದು ಹೋದವರು, ಕಾರ್ಡು ಕಳೆದುಕೊಂಡವರು, ಮರೆತವರು ಬಿಟ್ಟ ಚಿಲ್ಲರೆ ಕೂಡಿ ಕೂಡಿ ಹಲವು ಕೋಟಿ ಪೌಂಡುಗಳಾಗಿವೆ. ಕೇಳಿದರೆ ಹಿಂದಿರುಗಿಸುತ್ತಾರೆ, ಕೇಳುವವರು ಕಡಿಮೆ. ಟಿಕೆಟ್ಟಿನ ಹಿಂದೆ ಬರೆದ ಬಾಕಿಯ ಲಂಡನ್ ರೂಪ ಇದು. ಇನ್ನು ಕಾರ್ಡು ಕೊಳ್ಳುವಾಗ ಮೊದಲು ಇಡುತ್ತಿದ್ದುದು ಮರಳಿ ಸಿಗುವ 5 ಪೌಂಡಿನ ಠೇವಣಿ. 2022ರಲ್ಲಿ ಅದರ ಜಾಗಕ್ಕೆ ಮರಳಿ ಬಾರದ 7 ಪೌಂಡಿನ ಶುಲ್ಕ ಬಂದಿತು.

ವಿಸ್ತರಣೆ ಮುಂದುವರಿದಂತೆ ಅಂತರವೂ ಬೆಳೆಯಿತು. 2014ರ ಸೆಪ್ಟೆಂಬರಿನಿಂದ ಬ್ಯಾಂಕಿನ ಕಾರ್ಡನ್ನೇ ರೈಲಿನ ಯಂತ್ರಕ್ಕೆ ತಾಗಿಸಬಹುದಾಯಿತು. ನೀಲಿ ಕಾರ್ಡಿನಲ್ಲಿ ಹಣದ ಲೆಕ್ಕ ಕಾರ್ಡಿನೊಳಗೇ ಇರುತ್ತದೆ. ಬ್ಯಾಂಕಿನ ಕಾರ್ಡು ಕೇವಲ ಕುರುಹು, ಲೆಕ್ಕವೆಲ್ಲ ದಿನದ ಕೊನೆಗೆ ಕೇಂದ್ರದ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆದ್ದರಿಂದ ಹೊಸ ಊರುಗಳನ್ನು ಸೇರಿಸುವುದು ಅದಕ್ಕೆ ಸುಲಭ. ಸೋಮವಾರದಿಂದ ಭಾನುವಾರದವರೆಗಿನ ವಾರದ ಮಿತಿ ಬ್ಯಾಂಕಿನ ಕಾರ್ಡಿನವರಿಗೆ 2014ರಲ್ಲಿಯೇ ದೊರೆಯಿತು. ನೀಲಿ ಕಾರ್ಡಿನವರು ಅದಕ್ಕಾಗಿ 2021ರವರೆಗೆ ಕಾಯಬೇಕಾಯಿತು. 2025ರ ಫೆಬ್ರುವರಿಯಲ್ಲಿ ಲಂಡನ್ನಿನ ಆಚೆಯ ಇನ್ನೂ 47 ನಿಲ್ದಾಣಗಳಿಗೆ ಈ ಪದ್ಧತಿ ಹಬ್ಬಿದಾಗ ಅಲ್ಲಿ ನಡೆದದ್ದು ಬ್ಯಾಂಕಿನ ಕಾರ್ಡು ಮತ್ತು ಮೊಬೈಲು ಮಾತ್ರ, ನೀಲಿ ಕಾರ್ಡಲ್ಲ. ಮಕ್ಕಳ ರಿಯಾಯಿತಿಯಾಗಲಿ ರೈಲ್‌ಕಾರ್ಡಿನ ರಿಯಾಯಿತಿಯಾಗಲಿ ಅದರಲ್ಲಿ ಸಿಗುವುದಿಲ್ಲ. ಬ್ಯಾಂಕಿನ ಖಾತೆ ಇಲ್ಲದವನು, ರಿಯಾಯಿತಿ ಬೇಕಾದ ಮಗು ಮತ್ತೆ ಕಾಗದದ ಟಿಕೆಟ್ಟಿನ ಸಾಲಿನಲ್ಲಿಯೇ ನಿಲ್ಲಬೇಕು. ದಾಸೋಹದ ಪಂಕ್ತಿಯನ್ನು ಉದ್ದಮಾಡುವವರು ಕೊನೆಯ ಎಲೆಯವರೆಗೆ ಅನ್ನ ಹೋಯಿತೇ ಎಂದು ನೋಡಬೇಕಷ್ಟೆ. ಅನುಕೂಲವಿದ್ದವರಿಗೆ ಮೊದಲು, ಇಲ್ಲದವರಿಗೆ ಆಮೇಲೆ ಎಂಬ ಈ ಕ್ರಮವನ್ನು ತಾಂತ್ರಿಕ ಕಾರಣ ಹೇಳಿ ಸಮರ್ಥಿಸಬಹುದು. ಆದರೆ ಮಹಾಮನೆಯಲ್ಲಿ ಬಡಿಸುತ್ತಿದ್ದ ಕ್ರಮ ಅದಾಗಿರಲಿಲ್ಲ.

ನಿವೃತ್ತ ನಿರ್ವಾಹಕರು ಆ ವರ್ಷದ ಮಳೆಗಾಲಕ್ಕೆ ಊರಿಗೆ ಮರಳಿದರು. ಕಾರ್ಡನ್ನು ಮರಳಿಸಿ ಉಳಿದ ಹಣ ಪಡೆಯಬಹುದಿತ್ತು. ಪಡೆಯಲಿಲ್ಲ, ಅಲ್ಲಿ ಬಿಟ್ಟೂ ಬರಲಿಲ್ಲ. ಆ ಕಾರ್ಡನ್ನು ಇನ್ನೊಬ್ಬರು ಬಳಸಲು ಅಡ್ಡಿಯಿಲ್ಲವೆಂದು ಮಗನಿಂದ ತಿಳಿದುಕೊಂಡಿದ್ದರು. ಅದೇ ಚಳಿಗಾಲದಲ್ಲಿ ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೊರಟಿದ್ದ ಓಣಿಯ ತಾಯಿಯೊಬ್ಬರ ಕೈಗೆ ಅದನ್ನು ಕೊಟ್ಟರು. ಜೊತೆಗೆ ಹಳೆಯ ಟಿಕೆಟ್ಟಿನಷ್ಟೇ ಅಗಲದ ಒಂದು ಚೀಟಿಯಿತ್ತು. ಅದರ ಮೇಲೆ, ಹತ್ತುವಾಗ ಒಮ್ಮೆ, ಇಳಿದಾಗ ಒಮ್ಮೆ ತಾಗಿಸಬೇಕೆಂದೂ, ಕಾರ್ಡಿನಲ್ಲಿ ಬಾಕಿ 6 ಪೌಂಡ್ 40 ಪೆನ್ನಿ ಇದೆಯೆಂದೂ ಬರೆದಿದ್ದರು.